ಚೆಲುವನ ಹಣೆಪಟ್ಟಿಯಾಚೆಗಿನ ನಟ

ಪ್ರಶ್ನೆ: ಇಟಲಿಯ ನಟ ಮಾರ್ಚೆಲ್ಲೊ ಮಾಸ್ಟ್ರೊಯಾನಿ ಪ್ರಣಯದ ಪಾತ್ರಗಳಿಗಷ್ಟೇ ಸೀಮಿತರಾಗಿದ್ದರೇ?

ಉತ್ತರ: ಖಂಡಿತ ಇಲ್ಲ; ಆ ಹಣೆಪಟ್ಟಿ ಸ್ವತಃ ಅವರಿಗೇ ಹಿಡಿಸಿರಲಿಲ್ಲ. 1924ರಲ್ಲಿ ಫಾಂಟಾನಾ ಲೀರಿ ಎಂಬಲ್ಲಿ ಬಡಗಿಯೊಬ್ಬರ ಮಗನಾಗಿ ಹುಟ್ಟಿದ ಮಾಸ್ಟ್ರೊಯಾನಿ, ಮಹಾಯುದ್ಧ ಮುಗಿದ ಮೇಲೆ ರೋಮಿನ ಚಲನಚಿತ್ರ ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುತ್ತ, ಬಿಡುವಿನಲ್ಲಿ ನಾಟಕವಾಡುತ್ತ, 1948ರಲ್ಲಿ ಲುಕೀನೊ ವಿಸ್ಕೊಂಟಿಯವರ ರಂಗತಂಡವನ್ನು ಸೇರಿದರು. ನಿರ್ದೇಶಕ ಫೆಡೆರಿಕೊ ಫೆಲಿನಿಯವರ 'ಲಾ ದೋಲ್ಚೆ ವೀತಾ' (1960) ಚಿತ್ರ ಅವರನ್ನು ಜಗತ್ತಿಗೆ ಪರಿಚಯಿಸಿತು. ಅದರಲ್ಲಿ ರೋಮಿನ ಟ್ರೆವಿ ಕಾರಂಜಿಗೆ ಅವರು ಇಳಿಯುವ ದೃಶ್ಯ ಎಲ್ಲರಿಗೂ ಗೊತ್ತು. ಆ ಚಳಿಯ ನೀರನ್ನು ತಡೆಯಲು ಅವರು ಸೂಟಿನೊಳಗೆ ಈಜುಗಾರರ ರಬ್ಬರ್ ಉಡುಪು ತೊಟ್ಟಿದ್ದರೆಂಬುದನ್ನು ಫೆಲಿನಿಯವರೇ ಹೇಳಿದ್ದಾರೆ.

ಆದರೆ ನನ್ನ ಮಟ್ಟಿಗೆ ಅವರ ನಿಜವಾದ ಕಸುವು ಕಾಣುವುದು, ಎತ್ತೋರೆ ಸ್ಕೋಲಾ ನಿರ್ದೇಶಿಸಿದ 1977ರ 'ಉನಾ ಜೊರ್ನಾತಾ ಪರ್ತಿಕೊಲಾರೆ'ಯಲ್ಲಿ. ಹಿಟ್ಲರ್ ರೋಮಿಗೆ ಬಂದ 1938ರ ಆ ದಿನ, ಸಲಿಂಗಿಯೆಂಬ ಕಾರಣಕ್ಕೆ ರೇಡಿಯೊ ಕೆಲಸ ಕಳೆದುಕೊಂಡ ಉದ್ಘೋಷಕನಾಗಿ ಅವರು, ತಾರಸಿಯಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ನಟಿ ಸೋಫಿಯಾ ಲೊರೆನ್ ಎದುರು ನಿಲ್ಲುತ್ತಾರೆ. ಚೆಲುವನ ಬಿಂಕ ಅಲ್ಲಿ ಲವಲೇಶವೂ ಇಲ್ಲ.

ಮೂರು ಬಾರಿ ಆಸ್ಕರ್ ನಾಮನಿರ್ದೇಶನ ಬಂದರೂ ಪ್ರಶಸ್ತಿ ಸಿಗಲಿಲ್ಲ. ಕಾನ್ ಚಿತ್ರೋತ್ಸವ ಮಾತ್ರ 1970 ಮತ್ತು 1987ರಲ್ಲಿ ಶ್ರೇಷ್ಠ ನಟನೆಂದು ಗೌರವಿಸಿತು. ಅನಾರೋಗ್ಯದ ನಡುವೆಯೂ ಕೊನೆಯವರೆಗೆ ಕ್ಯಾಮೆರಾ ಎದುರಿಸಿದ ಅವರು 1996ರ ಡಿಸೆಂಬರ್ 19ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡಾಗ, ರೋಮಿನಲ್ಲಿ ಟ್ರೆವಿ ಕಾರಂಜಿಯ ನೀರನ್ನು ನಿಲ್ಲಿಸಿ, ಅದಕ್ಕೆ ಕಪ್ಪು ಬಟ್ಟೆ ಹೊದಿಸಲಾಯಿತು.