ಬರೆ (ಮನೆ ಹಿಂದಿನ ಕಡಿದಾದ ಮಣ್ಣಿನ ಗೋಡೆ) ಕುಸಿಯುವ ಭಯ ಇದ್ದರೆ ದೇವರಲ್ಲಿ ವಿಶ್ವಾಸ ಕಡಿಮೆ ಅಂತ ಅರ್ಥವಾ?

‘ಮಳೆ ಜೋರಾದರೆ ನಿದ್ದೆ ಹತ್ತುವುದಿಲ್ಲ. ಪ್ರಾರ್ಥನೆ ಮಾಡಿದರೂ ಭಯ ಹೋಗುವುದಿಲ್ಲ. ನನ್ನ ವಿಶ್ವಾಸದಲ್ಲೇ ಕೊರತೆಯಾ?’ ಎಂದು ಕೇಳಿದ್ದೀರಿ. ಇಲ್ಲ ಅಂತ ನನ್ನ ಅನಿಸಿಕೆ.

ನಮ್ಮದು ಮಡಿಕೇರಿ ಹತ್ತಿರ, ಗುಡ್ಡದ ಬುಡದ ಮನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿದಾಗ ನಮ್ಮ ಹಿತ್ತಲಿನ ಬರೆಯೂ ಅರ್ಧ ಕುಸಿಯಿತು. ಹತ್ತು ದಿನ ಪರಿಹಾರ ಕೇಂದ್ರದಲ್ಲಿದ್ದೆವು. ಮನೆ ಉಳಿಯಿತು, ನನ್ನ ನಿದ್ದೆ ಉಳಿಯಲಿಲ್ಲ. ಮೊದಲೆಲ್ಲ ಎಷ್ಟು ಇಂಚು ಮಳೆ ಬಂತು ಅಂತ ಕಾಫಿಗಾಗಿ ಲೆಕ್ಕ ಹಾಕುತ್ತಿದ್ದವನು, ಆಮೇಲೆ ಹೆದರಿ ಲೆಕ್ಕ ಹಾಕತೊಡಗಿದೆ. ‘ದೇವರಿದ್ದಾನೆ, ಹೆದರಬೇಡ’ ಅನ್ನುವವರನ್ನು ಕಂಡರೆ ಸಿಟ್ಟು. ಅವರ ಮನೆ ಸಮತಟ್ಟು ಜಾಗದಲ್ಲಿ, ಅಲ್ವಾ!

ಬೈಬಲಿನ 46ನೇ ಕೀರ್ತನೆಯನ್ನಂತೂ ಓದಲು ಆಗುತ್ತಿರಲಿಲ್ಲ. ಬೆಟ್ಟಗಳು ಕಡಲಿಗೆ ಬಿದ್ದರೂ ನಾವು ಹೆದರುವುದಿಲ್ಲ ಅನ್ನುತ್ತದೆ ಅದು. ಬೇರೆಯವರಿಗೆ ಅದು ಬರೀ ಹೋಲಿಕೆ. ನಮಗೆ ಹಿತ್ತಲು. ಒಂದು ರಾತ್ರಿ ಸುಮ್ನೆ ಮತ್ತೆ ಓದಿದೆ. ಬೆಟ್ಟ ಜಾರುವುದಿಲ್ಲ ಅಂತ ಅದು ಎಲ್ಲೂ ಮಾತು ಕೊಟ್ಟಿಲ್ಲ. ಬರೆದವನಿಗೂ ಬೆಟ್ಟ ಜಾರುತ್ತದೆ ಅಂತ ಗೊತ್ತಿತ್ತು. ಯಾಕೋ ಅಷ್ಟಕ್ಕೇ ಎದೆ ಸ್ವಲ್ಪ ಹಗುರಾಯಿತು.

ಮಾರ್ಕನ ಶುಭಸಂದೇಶದ 4ನೇ ಅಧ್ಯಾಯವನ್ನೂ ನೋಡಿ. ಸರೋವರದಲ್ಲಿ ಬಿರುಗಾಳಿ, ದೋಣಿಗೆ ನೀರು ನುಗ್ಗುತ್ತಿದೆ, ಯೇಸು ದಿಂಬಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಾರೆ. ಶಿಷ್ಯರಲ್ಲಿ ಕೆಲವರು ಆ ಸರೋವರದ ಮೀನುಗಾರರೇ. ಅವರೂ ಹೆದರಿದರು. ‘ನಾವು ಸಾಯ್ತಾ ಇದ್ದೀವಿ, ನಿಮಗೇನೂ ಅನಿಸಲ್ವಾ?’ ಅಂತ ಎಬ್ಬಿಸಿದರು. ಯೇಸು ಮೊದಲು ಗಾಳಿ ನಿಲ್ಲಿಸಿದರು. ‘ಯಾಕೆ ಹೆದರುತ್ತೀರಿ’ ಎಂದು ಕೇಳಿದ್ದು ಆಮೇಲೆ. (ಮತ್ತಾಯನ ಶುಭಸಂದೇಶದಲ್ಲಿ ಇದು ಉಲ್ಟಾ ಇದೆ, ಗೊತ್ತು. ನನಗೆ ಮಾರ್ಕನೇ ಇಷ್ಟ.) ಇದನ್ನು ಓದಿದಾಗಿನಿಂದ ನನ್ನ ಪ್ರಾರ್ಥನೆಯೂ ಅಷ್ಟೇ: ಏಳಿ ಸ್ವಾಮಿ, ಹೆದರಿಕೆ ಆಗ್ತಿದೆ.

ಪರಿಹಾರ ಕೇಂದ್ರದಲ್ಲಿ ಅಮ್ಮ ರಾತ್ರಿ ಕೊಂಕಣಿಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುತ್ತಿದ್ದರು. ಮೂರನೇ ದಿನ ಪಕ್ಕದ ಚಾಪೆಯ ಗೌಡರ ಅಜ್ಜಿ, ‘ಸ್ವಲ್ಪ ಜೋರಾಗಿ ಹೇಳಮ್ಮ, ಕೇಳ್ತಾ ಕೇಳ್ತಾ ನಿದ್ದೆ ಬರ್ತದೆ’ ಅಂದರು. ಈಗ ನಾನೂ ಜೋರಾಗಿಯೇ ಹೇಳುತ್ತೇನೆ. ಮನಸ್ಸಲ್ಲೇ ಹೇಳಿಕೊಂಡರೆ ಮಳೆಯ ಸದ್ದೇ ಗೆಲ್ಲುತ್ತದೆ.

ಇನ್ನೊಂದು ಮಾತು. ನಿಮ್ಮ ಮನೆ ಹಿಂದೆ ಬಿರುಕು ಕಂಡರೆ, ಹೊರಡಿ ಅಂತ ಪಂಚಾಯಿತಿಯವರು ಹೇಳಿದರೆ, ತಕ್ಷಣ ಹೊರಡಿ. ತೇರ್ಸ್ ಜೀಪಿನಲ್ಲೂ ಹೇಳಬಹುದು.