ಅವನ ತಲೆಗೆ ಕಿರೀಟ ಇಡಬೇಡಿ

ಇಂಗ್ಲಿಷ್ ಲೇಖಕ ಟೆರಿ ಪ್ರಾಚೆಟ್‌ನ ಡಿಸ್ಕ್‌ವರ್ಲ್ಡ್ ಹಾಸ್ಯದ ಫ್ಯಾಂಟಸಿ ಕಾದಂಬರಿಗಳಲ್ಲಿ ಬರುವ 'ಡೆತ್', ಅಂದರೆ ಕಪ್ಪು ನಿಲುವಂಗಿ ತೊಟ್ಟ ಅಸ್ಥಿಪಂಜರವಾಗಿ ಓಡಾಡುವ ಸಾವು, ನಮ್ಮ ಯಮನೇ ಅಂತ ಇಟ್ಟುಕೊಂಡು ಮುಂಬಯಿಯ ಮಾಟುಂಗದ ಓದುಗರ ಕೂಟದಲ್ಲಿ ಮಾತಾಡಬಹುದಾ, ಅವನು ಕಾಲದ ಸಂಕೇತವಾ ನ್ಯಾಯದ ಸಂಕೇತವಾ ಅಂತ ಕೇಳಿದ್ದೀರಿ. ಈ ಹಳ್ಳಕ್ಕೆ ನಾನು ನಿಮಗಿಂತ ಮೊದಲೇ ಬಿದ್ದು ಎದ್ದವನು, ಅದಕ್ಕೇ ನೇರವಾಗಿ ಹೇಳ್ತೀನಿ: ಯಮ ಬೇಡ. ಸಂಕೇತದ ಗೊಡವೆಯೂ ಬೇಡ.

'ರೀಪರ್ ಮ್ಯಾನ್' (1991) ಕನ್ನಡಕ್ಕೆ ತರೋಣ ಅಂತ ಕೂತಾಗ ಮೊದಲ ಪುಟದಲ್ಲೇ ಅವನನ್ನು ಯಮ ಮಾಡಿಬಿಟ್ಟೆ. ಎಷ್ಟು ಸಲೀಸು ನೋಡಿ: ಯಮ ಬಂದ, ಯಮ ಕೂತ, ಯಮ ಹೊರಟ. ಆದರೆ ಯಮ ಒಬ್ಬನೇ ಬರುವುದಿಲ್ಲ. ಕ್ಯಾಲೆಂಡರ್ ಚಿತ್ರದ ಕಿರೀಟ, ಪಾಶ, ಕೋಣ, ಹಿಂದೆ ಚಿತ್ರಗುಪ್ತನ ಕಡತ, ಎಲ್ಲ ಮೆರವಣಿಗೆಯಲ್ಲಿ ಬರುತ್ತವೆ. ಮೂಲದಲ್ಲಿ ಬರೀ ಕಪ್ಪು ನಿಲುವಂಗಿಯ ಮುಸುಕು ಇದ್ದ ಕಡೆ ನಾನು ಕಿರೀಟ ಕೂರಿಸಿದೆ. ಕೊನೆಯ ಭಾಗಕ್ಕೆ ಬಂದಾಗ ಕೈ ನಿಂತಿತು.

ಯಾಕೆ ಅಂತ ಬಿಡಿಸಿ ಹೇಳಬೇಕು. ಆ ಕಥೆಯಲ್ಲಿ ವಿಶ್ವದ ಲೆಕ್ಕ ನೋಡುವ ಆಡಿಟರುಗಳು ಡೆತ್‌ನನ್ನು ಕೆಲಸದಿಂದ ತೆಗೆಯುತ್ತಾರೆ. ಅವನಿಗೊಂದು ಸ್ವಂತ ವ್ಯಕ್ತಿತ್ವ ಬೆಳೆದುಬಿಟ್ಟಿದೆ ಅನ್ನೋದೇ ಅವನ ತಪ್ಪು. ಅವನು ಬಿಲ್ ಡೋರ್ ಅನ್ನೋ ಹೆಸರಿಟ್ಟುಕೊಂಡು ಒಬ್ಬ ವಯಸ್ಸಾದ ಹೆಂಗಸಿನ ಹೊಲದಲ್ಲಿ ಕೂಲಿಗೆ ಸೇರುತ್ತಾನೆ. ಅಷ್ಟರಲ್ಲಿ ಜನರ ನಂಬಿಕೆಯಿಂದ ಹೊಸ ಡೆತ್ ಹುಟ್ಟಿ ಬರುತ್ತಾನೆ. ಅವನಿಗೆ ಮುಖವಿಲ್ಲ, ತಲೆ ಮೇಲೆ ಕಿರೀಟ ಇದೆ. ಹಳಬನಿಗೆ ಸಿಟ್ಟು ಬರೋದೇ ಆ ಕಿರೀಟ ನೋಡಿ: ತಾನು ಯಾವತ್ತೂ ಕಿರೀಟ ಇಟ್ಟವನಲ್ಲ, ಇವನಿಗೆ ಆಳುವ ಚಪಲ. ನನ್ನ ಅನುವಾದದಲ್ಲಿ ಇಬ್ಬರ ತಲೆ ಮೇಲೂ ಕಿರೀಟ! ಯಾರು ಯಾರ ಮೇಲೆ, ಯಾಕೆ ರೇಗಬೇಕು? ಇಡೀ ಪುಸ್ತಕದ ಜಗಳವೇ ಮಾಯ.

ಪದ ಹುಡುಕಿ ಬದಲಿಸಿದರೆ ಆಯ್ತಲ್ಲ ಅನ್ನಬಹುದು. ಆಗಲಿಲ್ಲ. ಯಮ ಅನ್ನೋ ಹೆಸರಿನ ಜೊತೆ ಕ್ರಿಯಾಪದಗಳೂ ಕೆಟ್ಟಿದ್ದವು. ಎಳೆದೊಯ್ದ, ಗದರಿದ, ಅಪ್ಪಣೆ ಮಾಡಿದ. ಸತ್ತವರು ಕೈಮುಗಿದು ನಡುಗುತ್ತಿದ್ದರು. ಮೂಲದಲ್ಲಿ ಅವನು ಕೊಲ್ಲುವುದಿಲ್ಲ, ತೀರ್ಪೂ ಕೊಡುವುದಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಾನೆ, ಕೊನೆಯ ಎಳೆ ಕಡಿಯುತ್ತಾನೆ, ಸತ್ತವನು ಏನಾದರೂ ಕೇಳಿದರೆ ಉತ್ತರಿಸುತ್ತಾನೆ. ಆಮೇಲೆ ಎಲ್ಲಿಗೆ ಅನ್ನೋದು ಸತ್ತವನ ನಂಬಿಕೆಗೆ ಬಿಟ್ಟದ್ದು. ಅವನ ಕೈಯಲ್ಲಿರೋದು ಮರಳುಗಡಿಯಾರ. ಅದು ಎಷ್ಟು ಹೊತ್ತು ಉಳಿದಿದೆ ಅಂತ ಹೇಳುತ್ತದೆ, ನೀವು ಒಳ್ಳೆಯವರಾ ಕೆಟ್ಟವರಾ ಅಂತ ಹೇಳುವುದಿಲ್ಲ. ಅವನ ಮನೆಯಲ್ಲಿ ಎಲ್ಲರ ಬದುಕಿನ ಪುಸ್ತಕಗಳು ತಾವೇ ಬರೆದುಕೊಳ್ಳುತ್ತಿರುತ್ತವೆ ನಿಜ, ಚಿತ್ರಗುಪ್ತನ ನೆನಪಾಗುತ್ತದೆ. ಆದರೆ ಅದರಿಂದ ಯಾರೂ ಪಾಪಪುಣ್ಯದ ಮೊತ್ತ ತೆಗೆಯುವುದಿಲ್ಲ. ಧರ್ಮರಾಜ ಅನ್ನೋ ಹೆಸರು ಇರುವವನನ್ನು ಇಲ್ಲಿ ತಂದು ನಿಲ್ಲಿಸಿದರೆ, ಲೋಕದಲ್ಲಿ ನ್ಯಾಯ ಅಂತ ಏನೂ ಇಲ್ಲ, ಇರೋದು ನಾನೊಬ್ಬ ಅಂತ ಡೆತ್ 'ಮಾರ್ಟ್' (1987) ಕಾದಂಬರಿಯಲ್ಲಿ ಹೇಳುವ ಮಾತಿನ ಗತಿ ಏನು?

ನಮ್ಮಲ್ಲಿ ಹೋಲಿಕೆ ಬೇಕೇ ಬೇಕು ಅಂದರೆ ಮಹಾಭಾರತದ ಮೃತ್ಯುವನ್ನು ನೋಡಿ. ದ್ರೋಣಪರ್ವದಲ್ಲಿ, ಅಭಿಮನ್ಯು ಸತ್ತ ಮೇಲೆ ವ್ಯಾಸರು ಧರ್ಮರಾಯನಿಗೆ ಹೇಳುವ ಕಥೆ, ಶಾಂತಿಪರ್ವದಲ್ಲೂ ಇದೆ. ಅಲ್ಲಿ ಮೃತ್ಯು ಹೆಣ್ಣು. ಬ್ರಹ್ಮ ಕೊಟ್ಟ ಕೆಲಸ ನನ್ನಿಂದಾಗದು ಅಂತ ಅಳುತ್ತಾಳೆ, ತಪ್ಪಿಸಿಕೊಳ್ಳಲು ತಪಸ್ಸಿಗೆ ಹೋಗುತ್ತಾಳೆ. ಕೊನೆಗೆ ಅವಳ ಕಣ್ಣೀರೇ ರೋಗಗಳಾಗುತ್ತವೆ. ಕೆಲಸ ಒಲ್ಲದ, ಮಾಡಿದರೂ ಕ್ರೌರ್ಯವಿಲ್ಲದ ಆ ಮೃತ್ಯು ಪ್ರಾಚೆಟ್‌ನ ಪಾತ್ರಕ್ಕೆ ಯಮನಿಗಿಂತ ಹತ್ತಿರ. ಕಠೋಪನಿಷತ್ತಿನಲ್ಲಿ ನಚಿಕೇತನನ್ನು ಮೂರು ರಾತ್ರಿ ಉಪವಾಸ ಕೆಡವಿದೆನಲ್ಲ ಅಂತ ಪೇಚಾಡಿಕೊಳ್ಳುವ ಯಮನೂ ಪರವಾಗಿಲ್ಲ. ಕೋಣದ ಮೇಲಿನವನು ಮಾತ್ರ ಬೇಡ.

ಹಾಗಾದರೆ ಏನಂತ ಕರೆಯೋದು? 'ಸಾವು' ಅಂತಲೇ ಕರೆಯಿರಿ, ಆದರೆ ಕ್ರಿಯಾಪದ ಪುಲ್ಲಿಂಗದಲ್ಲಿರಲಿ. ಮುಂಬಯಿ ಲೋಕಲ್‌ನ ಒಂದೇ ಡಬ್ಬಿಯಲ್ಲಿ ಹಿಂದಿಯ ಮೌತ್ 'ಆಯೀ', ಮರಾಠಿಯ ಮೃತ್ಯೂ 'ಆಲಾ', ಕನ್ನಡದ ಸಾವು 'ಬಂತು'. ಹಿಂದಿಯಲ್ಲಿ ಹೆಣ್ಣು, ಮರಾಠಿಯಲ್ಲಿ ಗಂಡು, ನಮ್ಮಲ್ಲಿ ಅದು ಬರೀ 'ಅದು'. ಮರಾಠಿಯಲ್ಲಿ 'ಮೃತ್ಯೂ ಆಲಾ' ಅಂದರೆ ಯಾರೂ ತಲೆ ಎತ್ತಲ್ಲ. ಕನ್ನಡದಲ್ಲಿ 'ಸಾವು ಬಂದ, ಕುರ್ಚಿ ಎಳೆದು ಕೂತ' ಅಂತ ಓದಿ ನೋಡಿ. ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ, ಮರುಕ್ಷಣ ನಗು. ಒಂದು 'ಅದು' ತಾನು 'ಅವನು' ಆಗಲು ಹೆಣಗುತ್ತಿದೆ, ಪಾತ್ರದ ಹಾಸ್ಯವೂ ಸಂಕಟವೂ ಅಷ್ಟೇ. ನಮ್ಮ ವ್ಯಾಕರಣ ಪುಕ್ಕಟೆ ಕೊಡುತ್ತಿದೆ, ತಗೊಳ್ಳಿ.

ಅವನ ದನಿ ಇನ್ನೊಂದು ಕಗ್ಗಂಟು. ಮೂಲದಲ್ಲಿ ಅವನ ಮಾತು ಪೂರ್ತಿ ಇಂಗ್ಲಿಷ್ ದೊಡ್ಡಕ್ಷರದ ಚಿಕ್ಕ ಅಚ್ಚಿನಲ್ಲಿದೆ, ಉದ್ಧರಣ ಚಿಹ್ನೆ ಇಲ್ಲ. ಅಂದರೆ ಮಾತು ಕಿವಿಯ ದಾರಿ ಬಿಟ್ಟು ನೇರ ತಲೆಗೆ ಇಳಿಯುತ್ತದೆ. 2015ರ ಮಾರ್ಚ್ 12ರಂದು ಪ್ರಾಚೆಟ್ ತೀರಿಕೊಂಡಾಗ ಅವನ ಟ್ವಿಟರ್ ಖಾತೆಯಲ್ಲಿ ದೊಡ್ಡಕ್ಷರದ ಸಾಲು ಕಂಡ ಕೂಡಲೇ ಮಾತಾಡುತ್ತಿರುವವನು ಯಾರು ಅಂತ ಓದುಗರಿಗೆ ತಿಳಿಯಿತು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲ. ಹಳೆಗನ್ನಡ ಹಾಕಿ ನೋಡಿದೆ, ಪೌರಾಣಿಕ ನಾಟಕವಾಯಿತು. ಉಳಿದದ್ದು: ಅವನಿಗೆ ಮಾತ್ರ ದಪ್ಪಕ್ಷರ, ಉದ್ಧರಣ ಚಿಹ್ನೆ ತೆಗೆದುಹಾಕಿ, ಪದಗಳು ಸರಳ, 'ಅಲ್ವಾ', 'ಕಣಯ್ಯಾ' ಥರದ ಬಾಲ ಇಲ್ಲ. ನೀವು ಗಟ್ಟಿಯಾಗಿ ಓದುವವರಾದ್ದರಿಂದ ಅವನ ಸಾಲಿಗೆ ಮುಂಚೆ ಅರ್ಧ ಉಸಿರು ನಿಲ್ಲಿಸಿ, ದನಿ ತಗ್ಗಿಸಿ. ಗುಡುಗಬೇಡಿ.

ಓದೋಕೆ 'ಮಾರ್ಟ್' ಮತ್ತು 'ರೀಪರ್ ಮ್ಯಾನ್' ಸಾಕು. 1983ರ ಮೊದಲ ಕಾದಂಬರಿಯಿಂದ ಶುರು ಮಾಡಬೇಡಿ, ಅಲ್ಲಿ ಅವನಿನ್ನೂ ಕಿಡಿಗೇಡಿ, ಪಾತ್ರ ಪಕ್ವವಾಗಿಲ್ಲ. ಅವನು 41 ಕಾದಂಬರಿಗಳ ಪೈಕಿ 39ರಲ್ಲಿ ಬರುತ್ತಾನೆ, ಎಲ್ಲ ಹಿಡಿಯಲು ಹೋದರೆ ಮುಳುಗುತ್ತೀರಿ. ಅವನು ಬರುವ ಪ್ರತಿ ದೃಶ್ಯಕ್ಕೂ ಒಂದು ಚೀಟಿ ಮಾಡಿ. ಅವನು ಯಾರ ಕಣ್ಣಿಗೆ ಬೀಳುತ್ತಾನೆ (ಮಾಂತ್ರಿಕರು, ಬೆಕ್ಕುಗಳು, ಸಾಯುವವರು), ಕೈಯಲ್ಲಿ ಏನಿದೆ, ಯಾವ ಕೆಲಸ ಮಾಡಲು ಹೋಗಿ ಎಡವುತ್ತಾನೆ. ಮೂರನೆಯದೇ ಮುಖ್ಯ.

ಅದಕ್ಕೆ ಒಂದೇ ದೃಶ್ಯ ತೋರಿಸುವುದಾದರೆ ಕೊಯ್ಲಿನದು. ಮೊದಲು ಸಭೆಗೆ ಉಪಕರಣ ವಿವರಿಸಿ. ನಮ್ಮ ಕುಡುಗೋಲು ಗಿಡ್ಡ, ಕುಕ್ಕರುಗಾಲಲ್ಲಿ ಕೂತು ಎಡಗೈಯಲ್ಲಿ ಹಿಡಿ ಹಿಡಿದು ಕೊಯ್ಯೋದು. ಡೆತ್ ಹಿಡಿಯುವ ಸೈತ್ ಅನ್ನೋ ಕುಡುಗೋಲಿಗೆ ಆಳುದ್ದದ ಹಿಡಿ, ನಿಂತು ಬೀಸೋದು, ಒಂದು ಬೀಸಿಗೆ ಒಂದು ಸಾಲು ಮಲಗುತ್ತದೆ. ಇದು ಗೊತ್ತಿಲ್ಲದಿದ್ದರೆ ತಮಾಷೆ ಹತ್ತಲ್ಲ, ಯಾಕಂದರೆ ಅಂಥದ್ದನ್ನು ಹಿಡಿದೂ ಬಿಲ್ ಡೋರ್ ಹುಲ್ಲನ್ನು ಒಂದೊಂದೇ ಎಸಳು ಕೊಯ್ಯುತ್ತಾನೆ, ಆದರೂ ಉಳಿದವರಿಗಿಂತ ಬೇಗ ಮುಗಿಸುತ್ತಾನೆ. ಪಕ್ಕದಲ್ಲಿ ಕೊಯ್ಲಿನ ಯಂತ್ರ ಬರುತ್ತದೆ, ಅದಕ್ಕೆ ಎಸಳುಗಳ ಪರಿಚಯವಿಲ್ಲ. ಕಿರೀಟದವನೂ ಆ ಯಂತ್ರವೂ ಒಂದೇ ಜಾತಿ.

'ಮಾರ್ಟ್'ನಲ್ಲಿ ಅವನು ರಜೆ ತಗೊಂಡು ಹೋಟೆಲಿನ ಅಡಿಗೆಭಟ್ಟನಾಗುವ ಭಾಗವನ್ನೂ ಓದಿ. ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ದೋಸೆ ಕಾವಲಿ ಮುಂದೆ ನಿಲ್ಲುವವರನ್ನು ಕಂಡ ಸಭೆಗೆ ಟಿಪ್ಪಣಿ ಬೇಕಾಗಲ್ಲ. ಕುದುರೆಯ ಹೆಸರು ಬಿಂಕಿ, ಅದನ್ನು ಮಾತ್ರ ಅನುವಾದ ಮಾಡಬೇಡಿ. ಅವನು ಮೊದಲು ಎಲುಬಿನ ಕುದುರೆ ಇಟ್ಟುಕೊಂಡು, ಕಳಚಿದ ಮೂಳೆಗೆ ತಂತಿ ಕಟ್ಟಿ ಕಟ್ಟಿ ಬೇಸತ್ತು ತಂದ ಜೀವಂತ ಬಿಳಿ ಕುದುರೆ ಅದು. ಬಿಂಕ ಗೊತ್ತಿರುವ ಕನ್ನಡದ ಕಿವಿಗೆ ಆ ಹೆಸರು ಮೂಲದವರಿಗಿಂತ ಒಂದು ಕೂದಲು ಜಾಸ್ತಿಯೇ ಕಚಗುಳಿ ಇಡುತ್ತದೆ.