ಅಜ್ಜಿಯ ಕೈಗಳ ಮಾತು ಅವಳಿಗೆ ಹೇಳಿದಿರಾ?

ಓದುಗರ ಪತ್ರ: ನಾವು ಆರು ಜನ ಗೆಳೆಯರು ತಿಂಗಳಿಗೊಮ್ಮೆ ಸೇರಿ ಒಬ್ಬರ ಫೋಟೋ ಒಬ್ಬರು ನೋಡುತ್ತೇವೆ. ಮೂರು ತಿಂಗಳ ಹಿಂದೆ ಗೆಳತಿಯೊಬ್ಬಳು ತನ್ನ ಅಜ್ಜಿಯ ಚಿತ್ರ ತಂದಿದ್ದಳು. "ಮುಖ ಫೋಕಸ್ ಆಗಿಲ್ಲ, ಹಿನ್ನೆಲೆ ಗಜಿಬಿಜಿ, ಕ್ರಾಪ್ ಮಾಡಬೇಕಿತ್ತು" ಎಂದೆ. ಹೇಳಿದ್ದೆಲ್ಲ ನಿಜವೇ. ಆಮೇಲೆ ಎರಡು ಸಲವೂ ಅವಳು ಬರಿಗೈಯಲ್ಲಿ ಬಂದಳು. ಮಡಿಲಲ್ಲಿದ್ದ ಅಜ್ಜಿಯ ಕೈಗಳು ಮಾತ್ರ ನನಗೆ ಇನ್ನೂ ನೆನಪಿವೆ, ಒಂದೊಂದು ಗೆರೆಯೂ ಕಾಣುತ್ತಿತ್ತು. ಇನ್ನು ಮುಂದೆ ಎಲ್ಲರಿಗೂ "ಸೂಪರ್" ಎಂದು ಹೇಳಿ ಸುಮ್ಮನಿದ್ದುಬಿಡಲೇ?

ಸಂಪಾದಕರ ಉತ್ತರ:

ಬೇಡ, ದಯವಿಟ್ಟು ಸುಮ್ಮನಾಗಬೇಡಿ. ಆದರೆ ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಆ ಕೈಗಳು ಮೂರು ತಿಂಗಳಾದರೂ ನೆನಪಿವೆ ಎಂದು ನನಗೆ ಬರೆದಿದ್ದೀರಿ. ಅವಳಿಗೆ ಹೇಳಿದಿರಾ? ಹೇಳಿಲ್ಲ ಅನಿಸುತ್ತದೆ. ನೀವು ಅವಳಿಗೆ ಹೇಳಿದ ಮೂರು ಮಾತಿಗಿಂತ ನೀವು ಹೇಳದೆ ಉಳಿಸಿಕೊಂಡ ಆ ಒಂದು ಮಾತೇ ಅವಳಿಗೆ ಜಾಸ್ತಿ ಬೇಕಾಗಿತ್ತು.

ಅವಳನ್ನು ಸಮಾಧಾನ ಮಾಡಲು ಅಂತ ನಾನು ಇದನ್ನು ಹೇಳುತ್ತಿಲ್ಲ. ಫೋಟೋ ತೆಗೆದವರಿಗೆ ತಮ್ಮ ಫೋಟೋವನ್ನು ಹೊಸದಾಗಿ ನೋಡಲು ಆಗುವುದಿಲ್ಲ. ಅವಳು ಆ ಚಿತ್ರ ನೋಡಿದಾಗ ಅಜ್ಜಿಯ ದನಿ ಕೇಳುತ್ತದೆ, ಆ ಮಧ್ಯಾಹ್ನ ನೆನಪಾಗುತ್ತದೆ. ಅದು ಯಾವುದೂ ಫ್ರೇಮಿನ ಒಳಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ವಾ, ಅದು ಪ್ರೀತಿಯ ಮಾತೂ ಹೌದು, ಕಣ್ಣಿನ ಮಾತೂ ಹೌದು. ಹೊರಗಿನವರಿಗೆ ಏನು ಕಂಡಿತು ಅನ್ನುವುದು ಅವಳಿಗೆ ಗೊತ್ತಾಗುವುದು ನಿಮ್ಮಂಥವರಿಂದಲೇ. ಅವಳು ಚಿತ್ರ ತಂದದ್ದು ಆ ಕಣ್ಣನ್ನು ಕೇಳಿಕೊಂಡು. ನೀವು ಕೊಟ್ಟದ್ದು ತೀರ್ಪು.

ನಾನು ಕ್ಯಾಮೆರಾ ಹಿಡಿದ ಹೊಸದರಲ್ಲಿ ಒಬ್ಬ ಹಿರಿಯರಿಗೆ ನನ್ನ ಚಿತ್ರಗಳನ್ನು ತೋರಿಸಿದ್ದೆ. ಎರಡು ನಿಮಿಷದಲ್ಲಿ ಎಲ್ಲ ಮಗುಚಿ ಹಾಕಿ "ಪರವಾಗಿಲ್ಲ, ಇನ್ನೂ ಚೆನ್ನಾಗಿ ತೆಗಿ" ಅಂದರು. ಆ ಮಾತನ್ನು ಇಟ್ಟುಕೊಂಡು ಮಾಡುವುದಾದರೂ ಏನು? ಇನ್ನೊಬ್ಬರು ಒಂದೇ ಚಿತ್ರವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ, "ಹುಡುಗನ ನಗು ಚೆನ್ನಾಗಿದೆ, ಆದರೆ ನನ್ನ ಕಣ್ಣು ಮತ್ತೆ ಮತ್ತೆ ಬಲಗಡೆಯ ಆ ಬಿಳಿ ಬಕೆಟ್ ಕಡೆಗೇ ಹೋಗ್ತಿದೆ" ಅಂದರು. ಅಲ್ಲೊಂದು ಬಕೆಟ್ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಶಟರ್ ಒತ್ತುವ ಮೊದಲು ಫ್ರೇಮಿನ ನಾಲ್ಕೂ ಅಂಚನ್ನು ಒಂದು ಸಲ ನೋಡುತ್ತೇನೆ. ಅವರು ತಪ್ಪು ಹುಡುಕಲಿಲ್ಲ, ತಮ್ಮ ಕಣ್ಣು ಎಲ್ಲಿಗೆ ಹೋಯಿತು ಅಂತ ಹೇಳಿದರು, ಅಷ್ಟೇ.

ನೀವೂ ಅಲ್ಲಿಂದಲೇ ಶುರು ಮಾಡಿ. ನಮ್ಮ ಕಣ್ಣು ಸಾಮಾನ್ಯವಾಗಿ ಜಾಸ್ತಿ ಬೆಳಕಿರುವ ಜಾಗಕ್ಕೆ, ಚೂಪಾಗಿ ಬಂದಿರುವ ಜಾಗಕ್ಕೆ, ಮುಖಗಳಿಗೆ, ಅಕ್ಷರಗಳಿಗೆ ಮೊದಲು ಹೋಗುತ್ತದೆ. ಬಾಯಿ ತೆರೆಯುವ ಮೊದಲು ಒಂದು ನಿಮಿಷ ಸುಮ್ನೆ ನೋಡಿ. ಕಣ್ಣು ಅರೆಮುಚ್ಚಿ ನೋಡಿದರೆ ಸಣ್ಣ ಸಣ್ಣ ವಿವರಗಳೆಲ್ಲ ಕರಗಿ ಬೆಳಕು ನೆರಳಿನ ದೊಡ್ಡ ಆಕಾರಗಳು ಮಾತ್ರ ಉಳಿಯುತ್ತವೆ. ಯಾವ ಲೆನ್ಸ್, ಯಾವ ಕ್ಯಾಮೆರಾ ಅಂತ ಮೊದಲೇ ಕೇಳಬೇಡಿ. ಕೇಳಿದ ಮೇಲೆ ಮುಖ ನೋಡಿ ಮಣೆ ಹಾಕಿದ ಹಾಗೆ ಆಗುತ್ತದೆ.

ಇನ್ನು "ಫೋಕಸ್ ಆಗಿಲ್ಲ" ಅನ್ನುವ ಮಾತು. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಚಿತ್ರ ಮಸುಕಾಗಲು ಬೇರೆ ಬೇರೆ ಕಾರಣಗಳಿವೆ. ಕ್ಯಾಮೆರಾ ಹಿಡಿದ ಕೈ ಅಲುಗಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದ ಹಾಗೆ ಕಾಣುತ್ತದೆ. ಎದುರಿಗಿದ್ದವರು ಅಲುಗಿದ್ದರೆ ಅಲುಗಿದ ಭಾಗ ಮಾತ್ರ ಮಸುಕು, ಹಿಂದಿನ ಗೋಡೆ ಸ್ಪಷ್ಟವಾಗಿರುತ್ತದೆ. ಈ ಎರಡಕ್ಕೂ ಶಟರ್ ವೇಗ ಹೆಚ್ಚಿಸಬೇಕು, ಅಂದರೆ ಶಟರ್ ಇನ್ನೂ ಕಡಿಮೆ ಹೊತ್ತು ತೆರೆದಿರಬೇಕು. ಫೋಕಸ್ ಬೇರೆ ಕಡೆ ಬಿದ್ದಿದ್ದರೆ ಮುಂದೆಯೋ ಹಿಂದೆಯೋ ಇನ್ನೊಂದು ವಸ್ತು ಚೂಪಾಗಿ ಕಾಣುತ್ತದೆ. ನಿಮ್ಮ ಗೆಳತಿಯ ಚಿತ್ರದಲ್ಲಿ ಮುಖ ಮಸುಕು, ಕೈಯ ಗೆರೆಗಳು ಸ್ಪಷ್ಟ. ಮಡಿಲಲ್ಲಿಟ್ಟ ಕೈ ಸಾಮಾನ್ಯವಾಗಿ ಮುಖಕ್ಕಿಂತ ಕ್ಯಾಮೆರಾಕ್ಕೆ ಹತ್ತಿರ. ದೊಡ್ಡ ಕ್ಯಾಮೆರಾದಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಎಫ್ 1.8ರಷ್ಟು ಅಗಲಕ್ಕೆ ತೆರೆದು ಒಂದು ಮೀಟರಿನಿಂದ ತೆಗೆದರೆ ಚೂಪಾಗಿ ಬರುವ ಆಳ ಕೆಲವೇ ಸೆಂಟಿಮೀಟರ್. ಹಾಗಾಗಿ ಫೋಕಸ್ ಕೈಗಳ ಮೇಲೆ ಬಿದ್ದಿದೆ ಅಂತ ನನ್ನ ಅಂದಾಜು. ಅದು ತಾನಾಗೇ ಆಯಿತೋ, ಅವಳೇ ಬೇಕೆಂದು ಇಟ್ಟಳೋ? ಈ ಪ್ರಶ್ನೆಯನ್ನು ನೀವು ಕೇಳಲೇ ಇಲ್ಲ. ಬೇಕೆಂದೇ ಇಟ್ಟಿದ್ದರೆ ನೀವು ತಪ್ಪು ಅಂದದ್ದೇ ಅವಳ ಚಿತ್ರದ ಜೀವ. ಮತ್ತು ಅದು ನಿಮ್ಮ ಮೇಲೆ ಕೆಲಸ ಮಾಡಿದೆ. ಅದಕ್ಕೇ ನಿಮಗೆ ಕೈ ನೆನಪಿರುವುದು.

ಬ್ರಿಟನ್ನಿನ ಹೆಸರಾಂತ ಫೋಟೋಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಅವರ ಕೈಗೆ ಕ್ಯಾಮೆರಾ ಬಂದದ್ದು 1863ರಲ್ಲಿ, 48ನೇ ವಯಸ್ಸಿನಲ್ಲಿ. ಫೋಕಸ್ ಮಾಡುತ್ತಾ ಹೋಗುವಾಗ ಕಣ್ಣಿಗೆ ಸುಂದರವಾಗಿ ಕಂಡ ಕಡೆ ನಿಲ್ಲಿಸಿಬಿಡುತ್ತಿದ್ದೆ, ಇನ್ನೂ ಚೂಪು ಮಾಡಲು ಹೋಗುತ್ತಿರಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಆಗಿನ ಫೋಟೋಗ್ರಫಿ ಪತ್ರಿಕೆಗಳು ಅವರ ಚಿತ್ರಗಳನ್ನು ಫೋಕಸ್ ಇಲ್ಲದ, ಅಚ್ಚುಕಟ್ಟಿಲ್ಲದ ಕೆಲಸ ಎಂದು ಟೀಕಿಸಿದವು. ಆ ಮಸುಕು ಮುಖಗಳನ್ನು ಇವತ್ತು ಮ್ಯೂಸಿಯಂಗಳಲ್ಲಿ ಜನ ನಿಂತು ನೋಡುತ್ತಾರೆ. ಹಾಗಂತ ಪ್ರತಿ ಮಸುಕು ಚಿತ್ರವೂ ಕಲೆಯಾಗುವುದಿಲ್ಲ. ಕೇಳದೆ ತೀರ್ಮಾನ ಮಾಡಬಾರದು ಅನ್ನುವುದಷ್ಟೇ ನನ್ನ ಮಾತು.

"ಕ್ರಾಪ್ ಮಾಡಬೇಕಿತ್ತು" ಅನ್ನುವುದು ಸಲಹೆಯೇ. ಆದರೆ ಯಾವ ಅಂಚಿನಿಂದ, ಎಷ್ಟು, ಯಾಕೆ? ಹಾಗೆ ಹೇಳುವ ಬದಲು ಕಾಗದದ ಎರಡು ತುಂಡು ಹಿಡಿದು ಅಂಚನ್ನು ಮುಚ್ಚಿ ತೋರಿಸಿ. ಅವಳ ಕಣ್ಣೇ ಹೇಳುತ್ತದೆ. "ಹಿನ್ನೆಲೆ ಗಜಿಬಿಜಿ" ಅನ್ನುವುದೂ ಹಾಗೇ. ಕಪಾಟಿನ ಗೆರೆ ತಲೆಯಿಂದ ಹೊರಟ ಹಾಗೆ ಕಾಣುತ್ತಿತ್ತೇ? ಹಾಗಿದ್ದರೆ ಮುಂದಿನ ಸಲ ಎರಡು ಹೆಜ್ಜೆ ಎಡಕ್ಕೆ ಸರಿದರೆ ಸಾಕು. ಕಿಟಕಿಯ ಬಿಳುಪು ಕಣ್ಣು ಕುಕ್ಕುತ್ತಿತ್ತೇ? ಸ್ವಲ್ಪ ಬಿಳುಪಾದರೆ ಎಡಿಟಿಂಗ್‌ನಲ್ಲಿ ಇಳಿಸಬಹುದು. ಪೂರ್ತಿ ಬಿಳಿಯಾಗಿ ವಿವರವೇ ದಾಖಲಾಗದೆ ಹೋಗಿದ್ದರೆ ಅದನ್ನು ಯಾರೂ ತರಲಾರರು. ಈಗಲೇ ಸರಿ ಮಾಡಬಹುದಾದದ್ದು ಯಾವುದು, ಮುಂದಿನ ಸಲಕ್ಕೆ ನೆನಪಿಡಬೇಕಾದದ್ದು ಯಾವುದು ಎಂದು ಬೇರೆ ಮಾಡಿ ಹೇಳಿದರೆ ಮಾತಿನ ಭಾರವೇ ಕಡಿಮೆಯಾಗುತ್ತದೆ.

ಇಷ್ಟಾದ ಮೇಲೂ ಅವಳು ಒಪ್ಪದಿರಬಹುದು. 1936ರಲ್ಲಿ ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್, ಮಕ್ಕಳೊಂದಿಗೆ ಡೇರೆಯಲ್ಲಿ ಕೂತ ವಲಸೆ ಕಾರ್ಮಿಕ ತಾಯಿಯ ಚಿತ್ರ ತೆಗೆದರು. ಅದರ ಬಲಗಡೆ ಕೆಳಮೂಲೆಯಲ್ಲಿ, ಡೇರೆಯ ಕಂಬ ಹಿಡಿದ ಹೆಬ್ಬೆರಳೊಂದು ಬಂದಿತ್ತು. ಅದು ಕಣ್ಣು ಎಳೆಯುತ್ತದೆ ಅನಿಸಿ ಕೆಲವು ವರ್ಷಗಳ ನಂತರ ಲ್ಯಾಂಗ್ ಅದನ್ನು ನೆಗೆಟಿವ್‌ನಲ್ಲೇ ಅಳಿಸಿಸಿದರು. ಲ್ಯಾಂಗ್ ಆ ಚಿತ್ರ ತೆಗೆದಾಗ ಕೆಲಸ ಮಾಡುತ್ತಿದ್ದ ಸರ್ಕಾರಿ ಫೋಟೋ ವಿಭಾಗದ ಮುಖ್ಯಸ್ಥರಾಗಿದ್ದ ರಾಯ್ ಸ್ಟ್ರೈಕರ್ ಅವರಿಗೆ ಇದು ಹಿಡಿಸಲಿಲ್ಲ. ದಾಖಲೆಯನ್ನು ತಿದ್ದಬಾರದು ಅನ್ನುವುದು ಅವರ ನಿಲುವು. ಅಷ್ಟು ಬಲ್ಲವರಲ್ಲೇ ಒಂದು ಹೆಬ್ಬೆರಳಿನ ವಿಷಯಕ್ಕೆ ಒಮ್ಮತ ಬರಲಿಲ್ಲ. ನಿಮ್ಮ ಗೆಳತಿ "ಇಲ್ಲ, ನನಗೆ ಇದು ಹೀಗೇ ಇರಬೇಕು" ಅಂದರೆ ಬಿಟ್ಟುಬಿಡಿ. ಚಿತ್ರ ಅವಳದು.

"ಸೂಪರ್" ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಗೆಳತಿಗೆ ಅದರಿಂದ ಏನೂ ಸಿಗುವುದಿಲ್ಲ. ಅವಳು ಕಷ್ಟಪಟ್ಟು ತಂದದ್ದನ್ನು ನೀವು ನೋಡಲೇ ಇಲ್ಲ ಎಂದ ಹಾಗೆ.

ಮುಂದಿನ ಸಲ ಸೇರುವ ತನಕ ಕಾಯಬೇಡಿ. ಎಲ್ಲರ ಮುಂದೆ ಬೇಡ, ಅವಳೊಬ್ಬಳನ್ನೇ ಕಂಡು ಕೇಳಿ: "ಅಜ್ಜಿಯ ಆ ಚಿತ್ರ ಇನ್ನೊಂದು ಸಲ ತೋರಿಸ್ತೀಯಾ? ಆ ಕೈಗಳು ನನಗೆ ಮರೀತಿಲ್ಲ. ಫೋಕಸ್ ಅಲ್ಲೇ ಇಡಬೇಕು ಅಂತ ಇಟ್ಟಿದ್ಯಾ?" ಅಷ್ಟು ಕೇಳಿ ಸುಮ್ಮನಾಗಿ, ಅವಳು ಹೇಳುವುದನ್ನು ಕೇಳಿ. ಅವಳು ಒಪ್ಪಿದರೆ ಆ ಚಿತ್ರವನ್ನು ನಮಗೂ ಕಳಿಸಿ. ಆ ಕೈಗಳನ್ನು ನಾನೂ ನೋಡಬೇಕು.

– ಸಂ.